ಕಾಸ್ ಪಠಾರಕ್ಕೆ ಯಾವ ವಾರ ಹೋಗಬೇಕು? ಹೋಗಿಬಂದವರು ಹೇಳಿ

ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪಠಾರದ (ಪ್ರಸ್ಥಭೂಮಿಯ) ಹೂಗಳನ್ನು ಈ ಸಲ ನೋಡಲೇಬೇಕೆಂದಿದ್ದೇವೆ. ಹುಬ್ಬಳ್ಳಿಯಿಂದ ಕಾರಿನಲ್ಲಿ ಹೊರಡುತ್ತೇವೆ. ಅಮ್ಮನಿಗೆ ಮಂಡಿನೋವು, ಮಗಳು ನಾಲ್ಕನೆಯ ತರಗತಿ. ಯಾವ ವಾರ ಒಳ್ಳೆಯದು? ಅಮ್ಮನಿಗೆ ನಡೆಯಲು ಸಾಧ್ಯವೇ?

ಬೆಳಗಾವಿಯಿಂದ:
ಸೆಪ್ಟೆಂಬರ್ ಎರಡನೆಯ ವಾರದಿಂದ ತಿಂಗಳ ಕೊನೆಯೊಳಗೆ ಹೋಗಿ. ದಿನಾಂಕ ಮಾತ್ರ ಮಳೆಯ ಕೈಯಲ್ಲಿದೆ. ಮಳೆ ಬೇಗ ಹಿಂದೆಗೆದರೆ ಹೂವೂ ಬೇಗ ಮುಗಿಯುತ್ತದೆ. ಮೊದಲು ಬಿಳಿ, ಆಮೇಲೆ ನೇರಳೆ ಮತ್ತು ಗುಲಾಬಿ, ಕೊನೆಗೆ ಹಳದಿ ಮೇಲುಗೈಯಾಗುತ್ತದೆ. ಆದ್ದರಿಂದ ಚಿತ್ರದಲ್ಲಿ ಕಂಡ ಬಣ್ಣವೇ ಬೇಕೆಂದು ಹಟ ಹಿಡಿಯಬೇಡಿ. ನಿಪ್ಪಾಣಿ, ಕೊಲ್ಹಾಪುರ, ಕರಾಡ್ ದಾಟಿ ಸಾತಾರಾದಲ್ಲಿ ರಾತ್ರಿ ತಂಗಿ, ಬೆಳಿಗ್ಗೆಯೇ ಹೊರಡಿ. ಅಲ್ಲಿಂದ ಪಠಾರಕ್ಕೆ ಸುಮಾರು 25 ಕಿ.ಮೀ. ಘಟ್ಟದ ದಾರಿ. ಶನಿವಾರ, ಭಾನುವಾರ ಖಂಡಿತ ಬೇಡ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಆನ್‌ಲೈನ್‌ನಲ್ಲಿ ಮುಂಗಡ ಟಿಕೆಟ್ ಪಡೆಯಿರಿ.

ಧಾರವಾಡದಿಂದ, ಸಸ್ಯಶಾಸ್ತ್ರದ ಶಿಕ್ಷಕಿ:
ಮಗಳು ಬರುತ್ತಿದ್ದಾಳೆ ಎಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಅವಳನ್ನು ನೆಲದ ಹತ್ತಿರ ಕೂರಿಸಿ. ನಿಂತು ನೋಡಿದರೆ ಕಾಣುವುದು ಬಣ್ಣ ಮಾತ್ರ. ಕುಳಿತು ನೋಡಿದರೆ ಸೀತೆಯ ಕಣ್ಣೀರು ಎಂದು ಅಲ್ಲಿಯವರು ಕರೆಯುವ ನೇರಳೆ ಹೂವಿನ ಸಪೂರ ದಂಟು, ಗೌರಿ ಹೂವಿನ ಬಳಗದ ಗುಲಾಬಿ ಗಿಡ, ಎಸಳಿನ ಮೇಲೆ ಎರಡು ಕೆಂಪು ಚುಕ್ಕೆಯುಳ್ಳ ಹಳದಿ ಸ್ಮಿಥಿಯಾ ಒಂದೊಂದಾಗಿ ಬೇರ್ಪಡುತ್ತವೆ. ಸ್ಮಿಥಿಯಾವನ್ನು ಮಕ್ಕಳು ಮಿಕ್ಕಿ ಮೌಸ್ ಹೂ ಎಂದು ತಟ್ಟನೆ ಗುರುತಿಸುತ್ತಾರೆ.

ಹುಳ ಹಿಡಿಯುವ ಪುಟ್ಟ ಗಿಡ ಡ್ರಾಸೆರಾವನ್ನು ತಪ್ಪದೆ ಹುಡುಕಿ. ಅದರ ಎಲೆಯ ಕೆಂಪು ರೋಮಗಳ ತುದಿಯಲ್ಲಿ ಅಂಟಿನ ಹನಿಗಳಿರುತ್ತವೆ. ಸೊಳ್ಳೆಗಿಂತ ಚಿಕ್ಕ ಹುಳವೊಂದು ಸಿಕ್ಕಿಬಿದ್ದು, ಸುತ್ತಲಿನ ರೋಮಗಳು ಅದರತ್ತ ಬಾಗಿರುವುದನ್ನು ನಾನು ಕಂಡಿದ್ದೇನೆ. ಸೀತೆಯ ಕಣ್ಣೀರೂ ಕೀಟಾಹಾರಿಯೇ. ಅದರ ಬಲೆ ಒದ್ದೆ ಮಣ್ಣಿನೊಳಗಿನ ಪುಟ್ಟ ಚೀಲಗಳು. ಪಠಾರವೆಂದರೆ ಜಂಬಿಟ್ಟಿಗೆಯ ಹಾಸು, ಮೇಲೆ ತೆಳುವಾದ ಮಣ್ಣು. ಮರ ಬೇರೂರಲು ಜಾಗವಿಲ್ಲ, ಸಾರಜನಕದ ಕೊರತೆ ಬೇರೆ. ಹಾಗಾಗಿ ಈ ಗಿಡಗಳು ಹುಳದಿಂದ ಪೋಷಕಾಂಶ ಪಡೆಯುತ್ತವೆ. ಅಲ್ಲಿನ ಬಹಳಷ್ಟು ಗಿಡಗಳು ಮಳೆಗಾಲದಲ್ಲಿ ಚಿಗುರಿ, ನೆಲ ಒಣಗುವ ಮುಂಚೆ ಹೂಬಿಟ್ಟು ಬೀಜ ಕಟ್ಟಬೇಕು. ಒಂದು ಗಿಡ ತುಳಿದರೆ ಮುಂದಿನ ವರ್ಷದ ಬೀಜವನ್ನೇ ತುಳಿದಂತೆ. ಚಿತ್ರಕ್ಕಾಗಿ ಹೂಗಳ ನಡುವೆ ಮಲಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಕಾಲುದಾರಿ ಬಿಟ್ಟು ಇಳಿಯಬಾರದೆಂದು ಮಗಳಿಗೆ ಮನೆಯಲ್ಲೇ ಹೇಳಿಕೊಡಿ.

ಪುಣೆಯಿಂದ:
ತಾಯಿಯವರ ವಿಷಯ. ಹೂವಿನ ಬಯಲು ರಸ್ತೆಗೆ ಹತ್ತಿರದಲ್ಲೇ ಇದೆ, ಏರು ಹೆಚ್ಚಿಲ್ಲ. ಆದರೆ ಕಲ್ಲು ಉಬ್ಬುತಗ್ಗು, ಪಾಚಿ ಕಟ್ಟಿದ ಕಡೆ ಜಾರುತ್ತದೆ. ನನ್ನ ಅತ್ತೆ ಊರುಗೋಲು ಹಿಡಿದು ನಿಧಾನವಾಗಿ ನಡೆದು ಖುಷಿಪಟ್ಟರು. ಕುಮುದಿನಿ ಕೊಳ ಮಾತ್ರ ದೂರ, ಅಲ್ಲಿಗೆ ಅವರನ್ನು ಕರೆದೊಯ್ಯಬೇಡಿ. ಒಬ್ಬರು ಅವರ ಜೊತೆ ಉಳಿದು, ಉಳಿದವರು ಹೋಗಿಬನ್ನಿ. ಮಂಜು ಕವಿದಾಗ ಚಳಿ ಹಿಡಿಯುತ್ತದೆ, ಸ್ವೆಟರ್ ಇರಲಿ. ಕೊಡೆಗಿಂತ ರೇನ್‌ಕೋಟ್ ವಾಸಿ, ಅಲ್ಲಿ ಗಾಳಿ ಜೋರು.