ಅಪ್‌ಡೇಟ್: ಮಾವಿನ ಮರದ ಬಟ್ಟಲಿನ ತೊಗಟೆ ಕೊನೆಗೂ ನಿಂತಿತು

ಹೋದ ವಾರ ಕೇಳಿದ್ದೆ, ನೆನಪಿದೆ ಅಲ್ವಾ? ಇನ್ನೂ ಒಣಗದ ಮಾವಿನ ಮರದ ಕೊರಡಲ್ಲಿ, ಅಂಚಿಗೆ ತೊಗಟೆ ಉಳಿಸಿ ಬಟ್ಟಲು ಕಡೆಯಲು ಹೋದರೆ ಪ್ರತಿ ಸಲ ತೊಗಟೆ ಹಾರಿ ಹೋಗುತ್ತಿತ್ತು. ಮೂರನೇ ಬಟ್ಟಲಿನಲ್ಲಿ ನಿಂತಿತು!

ಲೇತ್ (ಮರವನ್ನು ತಿರುಗಿಸುವ ಯಂತ್ರ) ವೇಗ ಇಳಿಸಿ ನೋಡಿದೆ, ಉಪಯೋಗವಾಗಲಿಲ್ಲ. ಏರಿಳಿತದ ಅಂಚಿಗೆ ಉಳಿ ಬಡಿದು ಇನ್ನೂ ಜಾಸ್ತಿ ಕುಣಿಯಿತು. ಫಲ ಕೊಟ್ಟಿದ್ದು ಉಳಿಯ ದಿಕ್ಕು ಬದಲಿಸಿ ಅಂದವರ ಸಲಹೆ. ನಾನು ಹೊರಮೈಯನ್ನು ತಳದಿಂದ ಅಂಚಿನವರೆಗೂ ಕೆತ್ತುತ್ತಿದ್ದೆ. ಉಳಿ ಹೊರಬರುವಾಗ ತೊಗಟೆಯನ್ನೂ ತಳ್ಳಿಕೊಂಡು ಬರುತ್ತಿತ್ತು. ಈಗ ಅಂಚಿನ ಹತ್ತಿರ ಮಾತ್ರ ತೊಗಟೆಯಿಂದ ಮರದ ಕಡೆಗೆ, ಆಗಷ್ಟೇ ಮಸೆದ ಉಳಿಯಲ್ಲಿ, ತೆಳುವಾಗಿ ಕೆತ್ತುತ್ತೇನೆ. ತೊಗಟೆಗೆ ಹಿಂದಿನ ಮರದ ಆಸರೆ ಸಿಗುತ್ತದೆ. ತೊಗಟೆ ಮತ್ತು ಮರದ ನಡುವಿನ ಸಂದಿಗೆ ತೆಳು ಸೂಪರ್ ಗ್ಲೂ ಹನಿಸಿದ್ದೂ ನೆರವಾಯಿತು. ಆದರೆ ಮೊದಲು ಅರಗಿನ ಪಾಲಿಶ್ ಒಂದು ಕೈ ಸವರಿ, ಇಲ್ಲದಿದ್ದರೆ ಅಂಟು ಮರಕ್ಕೆ ಇಳಿದು ಕಲೆ ಉಳಿಯುತ್ತದೆ.

ನನಗೆ ಗೊತ್ತೇ ಇರದ ವಿಷಯ ಒಂದಿತ್ತು. ಮರ ಚಿಗುರುವ ಕಾಲದಲ್ಲಿ ತೊಗಟೆಯ ಕೆಳಗಿನ ಪದರ ಮೆತ್ತಗಿರುತ್ತದೆ, ಸುಲಭವಾಗಿ ಸುಲಿದು ಬರುತ್ತದೆ. ನನ್ನ ಕೊರಡು ಅದೇ ಕಾಲದಲ್ಲಿ ಕಡಿದದ್ದು!

ಬಟ್ಟಲಿನ ಗೋಡೆ ಎಲ್ಲ ಕಡೆ ಒಂದೇ ಸಮ, 6 ಮಿ.ಮೀ. ಇಟ್ಟೆ. ಒಣಗುತ್ತಾ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿದೆ, ಬಿರುಕು ಬಿಟ್ಟಿಲ್ಲ. ನನಗಂತೂ ಆ ಸೊಟ್ಟವೇ ತುಂಬಾ ಇಷ್ಟವಾಯಿತು.