ಟ್ರೈಲರ್‌ಗೆ ಡೀಸೆಲ್ ಉಳಿಸೋ ಟಯರ್: ಸ್ಟಾರ್ ನೋಡಿ ದುಡ್ಡು ಹಾಕಬಹುದಾ?

ಕೇಳಿದವರು: ತುಮಕೂರಿನ ಟ್ರೈಲರ್ ಮಾಲೀಕರು

ವಸಂತನರಸಾಪುರದಿಂದ ಚೆನ್ನೈ ಬಂದರಿಗೆ ಲೋಡ್ ಹೊಡೀತೀವಿ. ವಾಪಸ್ ಬರೋವಾಗ ಬಾಡಿಗೆ ಸಿಕ್ಕಿದರೆ ಸಿಕ್ಕಿತು, ಇಲ್ಲಾಂದ್ರೆ ಖಾಲಿ. ಒಂದು ಗಾಡೀಲಿ ಟ್ರೈಲರ್ ಕಡೆ ಹನ್ನೆರಡೂ ಟಯರ್ ಸವೆದಿವೆ. ಮೂರು ಆಕ್ಸಲ್, ಸೈಜ್ 295/80 ಆರ್ 22.5. ಅಂಗಡಿಯವರು ಸ್ಟಾರ್ ಸ್ಟಿಕ್ಕರ್ ಇರೋ ಒಂದು ಟಯರ್ ತೋರಿಸಿ, ಡೀಸೆಲ್ ಉಳಿಯುತ್ತೆ ಅಂತಾರೆ. ಮಾಮೂಲಿಗಿಂತ ಒಂದಕ್ಕೆ ಎರಡೂವರೆ ಸಾವಿರ ಜಾಸ್ತಿ. ಪಕ್ಕದಲ್ಲೇ ಇದ್ದ ವಿದೇಶಿ ಟಯರ್ ಮೇಲೆ ಎ, ಬಿ, ಸಿ ಅಂತ ಬಣ್ಣದ ಪಟ್ಟಿ. ಇವನ್ನೆಲ್ಲ ಓದೋದು ಹೇಗೆ? ಮೂವತ್ತು ಸಾವಿರ ಹೆಚ್ಚಿಗೆ ಹಾಕಿದರೆ ವಾಪಸ್ ಬರುತ್ತಾ? ಹಾಕಿಸಿದವರು ದಯವಿಟ್ಟು ಹೇಳಿ.

ವೇಮಗಲ್‌ನಿಂದ, ಟಯರ್ ಕೆಲಸದವರು

ಸಾರ್, ಮೊದಲು ಸ್ಟಿಕ್ಕರ್ ವಿಷಯ. ನಮ್ಮ ಸ್ಟಾರ್ ಕೊಡೋದು ಬಿಇಇ, ಫ್ರಿಜ್ಜು ಏಸಿಗೆ ಕೊಡ್ತಾರಲ್ಲ ಅವರೇ. ಸ್ಟಾರ್ ಜಾಸ್ತಿ ಇದ್ದಷ್ಟೂ ರೋಲಿಂಗ್ ರೆಸಿಸ್ಟೆನ್ಸ್, ಅಂದರೆ ಟಯರ್ ಉರುಳಿಸೋಕೆ ಬೇಕಾದ ಎಳೆತ, ಕಡಿಮೆ. ಭಾರ ಹೊತ್ತ ಟಯರ್ ಪ್ರತಿ ಸುತ್ತಿಗೂ ನೆಲ ಮುಟ್ಟೋ ಜಾಗದಲ್ಲಿ ಚಪ್ಪಟೆಯಾಗಿ ಮತ್ತೆ ಎದ್ದೇಳುತ್ತೆ. ಹಾಗೆ ಬಗ್ಗಿ ಎದ್ದು ರಬ್ಬರ್ ಬಿಸಿಯಾಗುತ್ತಲ್ಲ, ಆ ಬಿಸಿ ಹೋಗೋದು ನಿಮ್ಮ ಟ್ಯಾಂಕ್‌ನಿಂದಲೇ. ಈ ಸ್ಟಾರ್ ಪದ್ಧತಿ ಕಡ್ಡಾಯ ಅಂತ ಶುರುವಾಗಿದ್ದಲ್ಲ, ಹಾಗಾಗಿ ಸ್ಟಾರ್ ಇಲ್ಲದ್ದೆಲ್ಲ ಕೆಟ್ಟ ಟಯರ್ ಅಂದುಕೋಬೇಡಿ. ಕಡ್ಡಾಯ ಆಗಿರೋದು ಎಐಎಸ್ 142 ಅನ್ನೋ ವಾಹನ ಮಾನದಂಡ. ರೋಲಿಂಗ್ ರೆಸಿಸ್ಟೆನ್ಸ್, ಒದ್ದೆ ರಸ್ತೆ ಹಿಡಿತ, ಸದ್ದು, ಮೂರಕ್ಕೂ ಮಿತಿ ಇಟ್ಟು ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಆದೇಶ ಹೊರಡಿಸಿತು. ಅದರಲ್ಲಿ ಲಾರಿ, ಬಸ್ ಟಯರ್‌ಗಳ ಗುಂಪು ಸಿ3.

ಬಣ್ಣದ ಪಟ್ಟಿ ಯುರೋಪಿನದು. 2021ರ ಮೇ ತಿಂಗಳಿಂದ ಅಲ್ಲಿ ಎ ಇಂದ ಇ ತನಕ ಐದೇ ದರ್ಜೆ, ಹಳೇ ಪಟ್ಟಿ ಜಿ ತನಕ ಇತ್ತು. ಪಂಪ್ ಚಿತ್ರದ ಕೆಳಗಿರೋದು ಡೀಸೆಲ್ ಲೆಕ್ಕ, ಮಳೆ ಚಿತ್ರದ ಕೆಳಗಿರೋದು ಒದ್ದೆ ಹಿಡಿತ, ಸ್ಪೀಕರ್ ಚಿತ್ರ ಸದ್ದಿನದು. ಸದ್ದಿನದನ್ನ ನಮ್ಮ ರಸ್ತೇಲಿ ಯಾರು ಕೇಳ್ತಾರೆ, ಬಿಡಿ. ಲಾರಿ ಟಯರ್‌ಗೆ ಟನ್ ಭಾರಕ್ಕೆ 4 ಕೆಜಿ ಅಥವಾ ಅದಕ್ಕಿಂತ ಕಡಿಮೆ ಎಳೆತ ಬೇಕಾದರೆ ಎ, 5ರ ತನಕ ಬಿ, 6ರ ತನಕ ಸಿ, 7ರ ತನಕ ಡಿ, ಅದಕ್ಕೂ ಮೇಲಿದ್ದರೆ ಇ. ಅಂದರೆ ದರ್ಜೆಗೊಂದು ಕೆಜಿ ವ್ಯತ್ಯಾಸ. ಆದರೆ ಅಲ್ಲಿನ ಅಕ್ಷರಾನ ಇಲ್ಲಿನ ಸ್ಟಾರಿಗೆ ನೇರವಾಗಿ ಜೋಡಿಸಬೇಡಿ. ಎರಡೂ ಕಂಪನಿಯವರ ಹತ್ರ ಟನ್ನಿಗೆ ಎಷ್ಟು ಕೆಜಿ ಅಂತ ಆ ಅಂಕಿಯನ್ನೇ ಕೇಳಿ, ಆಗ ಹೋಲಿಸಬಹುದು.

ಸ್ಟಿಕ್ಕರ್ ಅಂಟಿಸಿರೋದು ಟ್ರೆಡ್ ಮೇಲೆ, ಅಂದರೆ ನೆಲ ಮುಟ್ಟೋ ಭಾಗದ ಮೇಲೆ. ಗಾಡಿ ಅಂಗಡಿಯಿಂದ ಆಚೆ ಬರೋದರೊಳಗೆ ಕಿತ್ತುಹೋಗಿರುತ್ತೆ, ಫಿಟ್ ಮಾಡೋಕೆ ಮೊದಲೇ ಫೋಟೋ ಹೊಡ್ಕೊಳ್ಳಿ.

ಸಿರಾದಿಂದ, ಟ್ರಾನ್ಸ್‌ಪೋರ್ಟ್ ಲೆಕ್ಕಪತ್ರ ನೋಡೋರು

ಅಣ್ಣ, ಮೂವತ್ತು ಸಾವಿರದ ಪ್ರಶ್ನೆಗೆ ಪೇಪರ್ ಮೇಲೆ ಲೆಕ್ಕ ಹಾಕೋಣ. ಮೂರು ಆಕ್ಸಲ್ ಮೇಲೆ ಕಾನೂನು ಪ್ರಕಾರ 27 ಟನ್, 2018ರಲ್ಲಿ 24ರಿಂದ ಏರಿಸಿದ್ದು. ಒಂದು ದರ್ಜೆ ಮೇಲಿನ ಟಯರ್ ಹಾಕಿದಿರಿ ಅಂದರೆ ಟನ್ನಿಗೆ ಒಂದು ಕೆಜಿಯಂತೆ 27 ಕೆಜಿ ಎಳೆತ ಕಡಿಮೆ. ನೂರು ಕಿಲೋಮೀಟರ್‌ಗೆ ಅದು ಏಳೂ ಚಿಲ್ಲರೆ ಯೂನಿಟ್ ಶಕ್ತಿ. ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ ಇದ್ದರೂ ಚಕ್ರಕ್ಕೆ ಸಿಗೋದು ನಾಲ್ಕರ ಹತ್ರ. ಅಲ್ಲಿಗೆ ನೂರು ಕಿಲೋಮೀಟರ್‌ಗೆ ಎರಡು ಲೀಟರ್‌ಗೆ ಸ್ವಲ್ಪ ಕಮ್ಮಿ. ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯೋವಾಗ, ಟೋಲ್ ಹತ್ರ ಬ್ರೇಕ್ ಹಾಕೋವಾಗ ಈ ಉಳಿತಾಯ ಇರಲ್ಲ, ಅದಕ್ಕೆ ನಾನು ಒಂದೂವರೆ ಲೀಟರ್ ಅಂತಲೇ ಹಿಡೀತೀನಿ. ಖಾಲಿ ಬರೋವಾಗ ಭಾರ ಕಡಿಮೆ, ಅದಕ್ಕೆ 0.4 ಲೀಟರ್.

ಟಯರ್ ಲಕ್ಷ ಕಿ.ಮೀ. ಬಾಳುತ್ತೆ, ಅರ್ಧ ಲೋಡ್ ಅರ್ಧ ಖಾಲಿ, ಡೀಸೆಲ್ 90 ರೂಪಾಯಿ ಅಂತಿಟ್ಕೊಳ್ಳಿ. ಲೋಡಿನಲ್ಲಿ 750 ಲೀಟರ್, ಖಾಲಿಯಲ್ಲಿ 200, ಒಟ್ಟು 950 ಲೀಟರ್, 85,500 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ಟಯರ್‌ಗೆ 7,100ರ ಹತ್ರ. ಎರಡೂವರೆ ಸಾವಿರ ಕಳೆದರೂ ಲಾಭವೇ.

ಆದರೆ ಮುಳ್ಳು ಇರೋದು ಬಾಳಿಕೆಯಲ್ಲಿ. ಡೀಸೆಲ್ ಉಳಿಸೋ ಟಯರ್‌ಗಳಲ್ಲಿ ಎಷ್ಟೋ ಕಡೆ ಟ್ರೆಡ್ ಆಳ ಕಡಿಮೆ ಇರುತ್ತೆ, ರಬ್ಬರ್ ತೆಳು ಇದ್ದಷ್ಟೂ ಬಗ್ಗೋದು ಕಡಿಮೆ ಅಂತ. ಲಕ್ಷದ ಬದಲು 80,000 ಕಿ.ಮೀ.ಗೇ ಸವೆದುಹೋದರೆ ಡೀಸೆಲ್ ಉಳಿತಾಯ 5,700ಕ್ಕೆ ಇಳಿಯುತ್ತೆ. ಅದರಲ್ಲಿ ಎರಡೂವರೆ ಸಾವಿರ ಬೆಲೆಗೆ ಹೋಯ್ತು, ಬೇಗ ಸವೆದ ರಬ್ಬರಿನ ಬಾಬ್ತು ಇನ್ನೊಂದು ನಾಲ್ಕೈದು ಸಾವಿರ. ಅಲ್ಲಿಗೆ ಕೈಯಿಂದಲೇ ಹೋಗುತ್ತೆ. ಅಂಗಡೀಲಿ "ಮೈಲೇಜ್ ಚೆನ್ನಾಗಿದೆ" ಅಂದರೆ ಯಾವ ಮೈಲೇಜು, ಟಯರಿಂದೋ ಡೀಸೆಲಿಂದೋ ಅಂತ ಬಾಯಿಬಿಟ್ಟು ಕೇಳಿ. ಟ್ರೆಡ್ ಆಳ ಎಷ್ಟು ಮಿಲಿಮೀಟರ್ ಅಂತ ಎರಡೂ ಟಯರ್‌ಗೆ ಅಳೆಸಿ.

ಇನ್ನೊಂದು. ಹೊಸದು ಹಾಕಿದ ತಕ್ಷಣ ಡೀಸೆಲ್ ಜಾಸ್ತಿ ಕುಡಿದರೆ ಗಾಬರಿ ಬೀಳಬೇಡಿ. ನೀವು ಬಿಚ್ಚೋ ಸವೆದ ಟಯರ್ ಹೊಸದಕ್ಕಿಂತ ಹಗುರವಾಗಿ ಉರುಳುತ್ತಿರುತ್ತೆ. ಹೊಸದನ್ನ ಹೊಸದರ ಜೊತೆಗೇ ತೂಗಬೇಕು. ಇನ್ನೊಂದು ಗಾಡಿ ಇದ್ದರೆ, ಅದಕ್ಕೆ ಟಯರ್ ಹಾಕಿಸೋ ಟೈಮ್ ಬಂದಾಗ ಮಾಮೂಲಿ ಹಾಕಿ ಅದೇ ರೂಟಲ್ಲಿ ಓಡಿಸಿದರೆ ನಿಮಗೇ ಗೊತ್ತಾಗುತ್ತೆ.

ಚಿಕ್ಕಬಳ್ಳಾಪುರದಿಂದ, ಕ್ವಾರಿ ಬಾಡಿಗೆ ಮಾಡೋರು

ನಮ್ಮಂಥ ಜಲ್ಲಿ, ಗ್ರಾನೈಟ್ ಬ್ಲಾಕ್ ಗಾಡಿಗೆ ಇದು ಬೇಡವೇ ಬೇಡ. ಕ್ವಾರಿ ಒಳಗಿನ ಚೂಪು ಕಲ್ಲು ಟ್ರೆಡ್ ಕಚ್ಚಿ ಕೀಳುತ್ತೆ, ಡೀಸೆಲ್ ಲೆಕ್ಕ ಶುರುವಾಗೋದರೊಳಗೆ ಟಯರೇ ಇರಲ್ಲ. ಆಳವಾದ ಲಗ್ (ದಪ್ಪ ರಬ್ಬರ್ ಗಟ್ಟಿ) ಇರೋದೇ ಹಾಕ್ತೀವಿ. ನಿಮ್ಮದು ಹೈವೇ ಗಾಡಿ, ನಿಮಗೆ ಸರಿ. ಡೀಸೆಲ್ ಅಕ್ಷರ ಸಿ ಇದ್ದರೂ ಪರವಾಗಿಲ್ಲ, ಒದ್ದೆ ಹಿಡಿತದ ಅಕ್ಷರ ಮಾತ್ರ ಕೆಳಗಿರೋದು ತಗೋಬೇಡಿ. ಮಳೇಲಿ ಬ್ರೇಕ್ ಒತ್ತಿದಾಗ ಹಿಂದಿನಿಂದ ಟ್ರೈಲರ್ ಅಡ್ಡ ಬರೋದು ಡ್ರೈವರ್‌ಗೇ ಗೊತ್ತು.

ಮುಳಬಾಗಿಲಿನ ಡ್ರೈವರ್

ಯಾವ ಸ್ಟಾರ್ ಆದ್ರೂ ಹಾಕಿ ಸಾರ್, ಗಾಳಿ ಯಾರು ನೋಡ್ತಾರೆ? ಡಾಬಾ ಹತ್ರ ರಾಡಲ್ಲಿ ಬಡಿದು ಟಣ್ ಅಂದ್ರೆ ಸರಿ ಅಂತ ಹೊರಡ್ತಾರೆ. ಗಾಳಿ 80 ಪಿಎಸ್‌ಐ ಇದ್ರೂ ಟಣ್ ಅನ್ನುತ್ತೆ, 115 ಇದ್ರೂ ಟಣ್ ಅನ್ನುತ್ತೆ. ಜೋಡಿ ಟಯರಲ್ಲಿ ಒಳಗಿನದರ ವಾಲ್ವಿಗೆ ಕೈ ಹೋಗಲ್ಲ ಅಂತ ಯಾರೂ ಗೇಜ್ ಇಡಲ್ಲ. ಒಳಗಿನದು ಮೆತ್ತಗಾದ್ರೆ ಭಾರ ಎಲ್ಲ ಹೊರಗಿನದರ ಮೇಲೆ, ಒಳಗಿನದು ಎಳ್ಕೊಂಡು ಬರುತ್ತೆ, ಸೈಡ್‌ವಾಲ್ ಕಾದು ಕೊನೆಗೆ ಸಿಡಿಯುತ್ತೆ. ನಾನು ನಮ್ಮ ಮಾಲೀಕರ ಹತ್ರ ಜಗಳ ಆಡಿ ಒಳಗಿನ ಆರಕ್ಕೂ ಎಕ್ಸ್‌ಟೆನ್ಷನ್ ವಾಲ್ವ್ ಹಾಕಿಸಿದೆ. ಗಾಳಿ ನೋಡೋದು ಬೆಳಿಗ್ಗೆ ಗಾಡಿ ತಣ್ಣಗಿರೋವಾಗ. ಓಡಿ ಬಿಸಿಯಾದ ಟಯರಲ್ಲಿ ಗೇಜ್ ಜಾಸ್ತಿ ತೋರಿಸ್ತು ಅಂತ ಗಾಳಿ ಬಿಡಬಾರದು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಸೈಡ್‌ವಾಲ್ ಮೇಲೆ 152/148 ಎಂ, ಆಮೇಲೆ ಎಫ್‌ಆರ್‌ಟಿ ಅಂತ ಇದೆ. ಟ್ರೈಲರ್‌ನಲ್ಲಿ ಅರ್ಧ ಸವೆದ ಮೇಲೆ ಇದನ್ನೇ ಹಾರ್ಸ್ (ಟ್ರೈಲರ್ ಎಳೆಯೋ ಇಂಜಿನ್ ಗಾಡಿ) ಮುಂದಕ್ಕೆ ಹಾಕಬಹುದಾ? ದುಡ್ಡು ಉಳಿಯುತ್ತೆ ಅಂತ ಕೇಳಿದೆ.

ವೇಮಗಲ್‌ನಿಂದ, ಟಯರ್ ಕೆಲಸದವರು

ಹಾಕಲೇಬೇಡಿ. ಎಫ್‌ಆರ್‌ಟಿ ಅಂದರೆ ಬರೀ ಉರುಳೋ ಆಕ್ಸಲ್‌ಗೆ ಮಾಡಿದ ಟಯರ್. ಸ್ಟೀರಿಂಗಿಗೂ ಇಲ್ಲ, ಹೌಸಿಂಗಿಗೂ (ಇಂಜಿನ್ ತಿರುಗಿಸೋ ಆಕ್ಸಲ್) ಇಲ್ಲ. 152 ಅಂದರೆ ಒಂಟಿಯಾಗಿ ಹಾಕಿದಾಗ 3,550 ಕೆಜಿ, 148 ಅಂದರೆ ಜೋಡಿಯಲ್ಲಿ ತಲಾ 3,150 ಕೆಜಿ, ಎಂ ಅಂದರೆ ಗಂಟೆಗೆ 130 ಕಿ.ಮೀ. ತನಕ. 27 ಟನ್ ಹನ್ನೆರಡಕ್ಕೆ ಹಂಚಿದರೆ ತಲಾ 2,250 ಕೆಜಿ ಬೀಳುತ್ತೆ, ಅಂದರೆ ಸಾಕಷ್ಟು ಅಂತರ ಇದೆ, ಓವರ್‌ಲೋಡ್ ಮಾಡದೇ ಇದ್ದರೆ. ಸೈಡ್‌ವಾಲ್ ಮೇಲೆ ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ, 2324 ಇದ್ದರೆ 2024ರ 23ನೇ ವಾರ ತಯಾರಾಗಿದ್ದು. ಐಎಸ್ಐ ಗುರುತೂ ಇರಬೇಕು. ಎರಡು ವರ್ಷ ಗೋಡೌನಲ್ಲಿ ಕೂತ ಸರಕನ್ನ ಆಫರ್ ಅಂತ ಕೊಟ್ಟರೆ ಬೇಡ ಅನ್ನಿ.

ಜೋಡಿ ಟಯರ್ ಎರಡೂ ಒಂದೇ ಕಂಪನಿ, ಒಂದೇ ಸವೆತದ್ದಾಗಿರಲಿ. ಎತ್ತರ ಬೇರೆಯಾದರೆ ಒಂದು ಉರುಳುತ್ತೆ, ಇನ್ನೊಂದು ಉಜ್ಜುತ್ತೆ. ಹನ್ನೆರಡೂ ಒಟ್ಟಿಗೆ ಹಾಕಿಸ್ತಿದ್ದೀರಲ್ಲ, ಅದೇ ದಿನ ಟ್ರೈಲರ್ ಆಕ್ಸಲ್ ಅಲೈನ್‌ಮೆಂಟ್ ಮಾಡಿಸಿ, ಹಾರ್ಸಿನದಷ್ಟೇ ಅಲ್ಲ. ಆಕ್ಸಲ್ ಸ್ವಲ್ಪ ಓರೆ ನಿಂತರೆ ಟ್ರೆಡ್ ಅಂಚಿನ ಮೇಲೆ ಅಂಗೈ ಸವರಿದಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಥರ ಕಚ್ಚುತ್ತೆ. ಅಂಥ ಟಯರ್ ಐದು ಸ್ಟಾರಿಂದಾದರೂ ಅಡ್ಡ ಎಳೆದುಕೊಂಡೇ ಓಡುತ್ತೆ. ಈಗ ಬಿಚ್ಚೋ ಹಳೇ ಟಯರ್‌ಗಳನ್ನೂ ಒಮ್ಮೆ ಹಾಗೆ ಸವರಿ ನೋಡಿ, ಯಾವ ಆಕ್ಸಲ್ ಓರೆ ಅಂತ ಅಲ್ಲೇ ತಿಳಿಯುತ್ತೆ. ಬಿಲ್ ಮೇಲೆ ಹನ್ನೆರಡೂ ಸೀರಿಯಲ್ ನಂಬರ್ ಬರೆಸ್ಕೊಳ್ಳಿ ಸಾರ್, ಆಮೇಲೆ ಕ್ಲೇಮ್‌ಗೆ ಹೋದರೆ ಅದನ್ನೇ ಮೊದಲು ಕೇಳ್ತಾರೆ.