ಎರಡು ಹೊತ್ತು ನೀರು ಹಾಕಿದರೂ ಗಿಡ ಬಾಡುತ್ತಿವೆ, ಎಲೆ ಅಂಚು ಸುಡುತ್ತಿದೆ (ರಾಯಚೂರು, ಮಾಳಿಗೆ ತೋಟ)

ಮಾಳಿಗೆ ತೋಟ, ರಾಯಚೂರು:
12 ಇಂಚಿನ ಕರಿ ಗ್ರೋ ಬ್ಯಾಗ್‌ಗಳಲ್ಲಿ ಟೊಮ್ಯಾಟೊ, ಮೆಣಸಿನಗಿಡ, ಬದನೆ ಇವೆ. ಮುಕ್ಕಾಲು ಪಾಲು ಹೊಲದ ಎರೆಮಣ್ಣು, ಉಳಿದದ್ದು ಸಗಣಿ ಗೊಬ್ಬರ. ಬೋರ್‌ವೆಲ್ ನೀರು, ದಿನಕ್ಕೆರಡು ಸಲ. ಹಾಕಿದ ಕೂಡಲೇ ತಳದ ತೂತಿನಿಂದ ಹರಿದು ಬರುತ್ತದೆ, ಆದರೂ 11 ಗಂಟೆಗೆ ಗಿಡ ಬಾಡುತ್ತವೆ. ಹಳೇ ಎಲೆಗಳ ಅಂಚು ಕಂದಾಗಿ ಒಣಗುತ್ತಿದೆ, ಮಣ್ಣಿನ ಮೇಲೆ ಬಿಳಿ ಪುಡಿ ಕೂತಿದೆ. ಟೊಮ್ಯಾಟೊ ಹೂವೆಲ್ಲ ಉದುರುತ್ತಿವೆ. ನೀರು ಜಾಸ್ತಿ ಮಾಡಬೇಕೋ, ಗೊಬ್ಬರ ಕೊಡಬೇಕೋ? ಬಲ್ಲವರು ಹೇಳ್ರಿ.

ಎರೆಮಣ್ಣು, ಸಿಂಧನೂರು:
ಗೊಬ್ಬರ ಸದ್ಯ ಬ್ಯಾಡ್ರಿ. ಯೂರಿಯಾ, ಡಿಎಪಿ ಎರಡೂ ಬಾಡಿದ ಗಿಡದ ಬೇರು ಸುಡುತ್ತವೆ.

ನೀರು ಕೂಡಲೇ ಹರಿದು ಬರುತ್ತದೆ ಅಂದ್ರಲ್ಲ, ಅಲ್ಲೇ ಇದೆ ತೊಂದರೆ. ಎರೆಮಣ್ಣು ಒಣಗಿದರೆ ಕುಗ್ಗಿ ಚೀಲದ ಬದಿ ಬಿಡುತ್ತದೆ. ಸುತ್ತ ಕಿರುಬೆರಳು ಹೋಗುವಷ್ಟು ಸಂದಿ ಬಿದ್ದು ನೀರೆಲ್ಲ ಅದರಲ್ಲೇ ಇಳಿದುಹೋಗುತ್ತದೆ, ನಡುವೆ ಬೇರಿರುವ ಹೆಂಟೆ ಒಣಗಿಯೇ ಇರುತ್ತದೆ. ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ಬಿದಿರು ಕಡ್ಡಿಯನ್ನು 6 ಇಂಚು ಇಳಿಸಿ ತೆಗೀರಿ. ಹಸಿ ಮಣ್ಣು ಅಂಟದಿದ್ದರೆ ಇದೇ ಕಾರಣ. ಹಂಗೇ ಬೋರ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನ ಅಳತೆ) ಅಳೆದು ತಿಳಿಸ್ರಿ.

ಮಾಳಿಗೆ ತೋಟ, ರಾಯಚೂರು:
ಕಡ್ಡಿ ಒಣಗಿಯೇ ಬಂತು. ಬೋರ್ ನೀರು 1800, ನಳದ್ದು 300.

ಎರೆಮಣ್ಣು, ಸಿಂಧನೂರು:
1800 ಅಂದರೆ ಮೆಣಸಿನಗಿಡಕ್ಕೆ ಬಹಳ ಜಾಸ್ತಿ. ಟೊಮ್ಯಾಟೊ, ಬದನೆಯೂ ಅದಕ್ಕೆ ಸೊರಗುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬಿಳಿ ಪುಡಿ ಅದೇ.

ಮೊದಲು ಸಂದಿ ಮುಚ್ಚಬೇಕು, ಉಪ್ಪು ತೊಳೆಯುವುದು ಆಮೇಲೆ. ಸಂದಿ ಹಾಗೇ ಬಿಟ್ಟು ಎಷ್ಟು ನೀರು ಸುರಿದರೂ ಬೇರಿನ ಹತ್ತಿರದ ಉಪ್ಪು ಕದಲುವುದಿಲ್ಲ. ಮೇಲಿನ ಅರ್ಧ ಇಂಚು ಮಣ್ಣನ್ನು ಕೆರೆದು ಹೊರಗೆ ಹಾಕ್ರಿ, ಒಳಗೆ ಕಲಸಬ್ಯಾಡ್ರಿ. ಸಂದಿಗೆ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಹುಳು ಗೊಬ್ಬರ ಸಮ ಬೆರೆಸಿ ತುಂಬಿ ಒತ್ತ್ರಿ. ಕಡ್ಡಿಯಿಂದ ಐದಾರು ಕಡೆ ಚುಚ್ಚಿ, ಮುಕ್ಕಾಲು ಲೀಟರಿನಂತೆ ಮೂರು ಸಲ, ನಡುವೆ ಹತ್ತು ನಿಮಿಷ ಬಿಟ್ಟು ನೀರು ಹಾಕ್ರಿ. ಎರಡು ದಿನದಲ್ಲಿ ಹೆಂಟೆ ಉಬ್ಬಿ ಕೂಡಿಕೊಳ್ಳುತ್ತದೆ.

ಆಮೇಲೆ ಒಂದು ದಿನ ಬೆಳಿಗ್ಗೆ ಚೀಲಕ್ಕೆ 20 ಲೀಟರ್ ನಳದ ನೀರನ್ನು ನಿಧಾನವಾಗಿ ಇಳಿಸ್ರಿ. ಮುಂದೆ ಬೋರ್, ನಳ ಅರ್ಧರ್ಧ ಬೆರೆಸಿದರೆ ಸುಮಾರು 1050ಕ್ಕೆ ಬರುತ್ತದೆ. ಎರಡು ಹೊತ್ತು ಸ್ವಲ್ಪ ಸ್ವಲ್ಪ ಹಾಕುವ ಬದಲು ಬೆಳಿಗ್ಗೆ ಒಂದೇ ಸಲ, ಹಾಕಿದ್ದರ ಐದನೇ ಒಂದು ಪಾಲು ತಳದಿಂದ ಬರುವಷ್ಟು ಹಾಕ್ರಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಗಿಡಕ್ಕೆ ಹಾಕಲೇಬ್ಯಾಡ್ರಿ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು.

ಪುಂಡಿಪಲ್ಯ, ಕೊಪ್ಪಳ:
ಮೇಲಿನದ್ದೆಲ್ಲ ಸರಿ, ಕಾವಿನ ಮಾತೂ ಸೇರಿಸ್ರಿ. ಕರಿ ಚೀಲದ ಪಡುವಣ ಬದಿಗೆ ಬಿಸಿಲು ಬಿದ್ದರೆ ಆ ಕಡೆಯ ಬೇರು ಬೇಯುತ್ತದೆ. ಗೋಣಿ ತಟ್ಟು ಸುತ್ತಿ, ಚೀಲಗಳನ್ನು ಇಟ್ಟಿಗೆ ಮೇಲೆ ಇಡ್ರಿ. ಭತ್ತದ ಹುಲ್ಲು ಅಥವಾ ಶೇಂಗಾ ಸಿಪ್ಪೆ 2 ಇಂಚು ಹೊದಿಸಿ, ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡ್ರಿ. 50% ಶೇಡ್ ನೆಟ್ 7 ಅಡಿ ಎತ್ತರಕ್ಕೆ ಇರಲಿ. ಗಿಡದ ತಲೆಗೆ ತಾಗುವಂತೆ ಕಟ್ಟಿದರೆ ಕಾವು ಒಳಗೇ ನಿಲ್ಲುತ್ತದೆ. ಮೇ ತಿಂಗಳ ಸಂಜೆಗಾಳಿಗೆ ಮೂಲೆ ಹರಿಯದಂತೆ ಅಂಚನ್ನು ಎರಡು ಮಡಿಕೆ ಮಾಡಿ ಹಗ್ಗ ಪೋಣಿಸ್ರಿ.

ಟೊಮ್ಯಾಟೊ ಹೂವಿಗೆ ಈಗ ಮದ್ದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಬಿಸಿ ಇಳಿಯದಿದ್ದರೆ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ. ಖಾಲಿ ಚೀಲಗಳಿಗೆ ಚವಳಿ, ಬೆಂಡೆ, ಪುಂಡಿ ಹಾಕ್ರಿ, ಈ ಬಿಸಿಲಿಗೆ ಅವು ತಡೆಯುತ್ತವೆ.

ಮಾಳಿಗೆ ತೋಟ, ರಾಯಚೂರು:
ಮಧ್ಯಾಹ್ನ ಎಲೆ ಮೇಲೆ ನೀರು ಚಿಮುಕಿಸಬಹುದಾ? ಮೆಣಸಿನ ಎಲೆ ಮುದುಡಿವೆ, ಅದೂ ಉಪ್ಪಿನಿಂದಲೇ?

ಎರೆಮಣ್ಣು, ಸಿಂಧನೂರು:
ನಿಮ್ಮ ಬೋರ್ ನೀರಂತೂ ಚಿಮುಕಿಸಬ್ಯಾಡ್ರಿ. ನೀರು ಆರಿದ ಮೇಲೆ ಉಪ್ಪು ಎಲೆ ಮೇಲೇ ಕೂತು ಸುಡುತ್ತದೆ.

ಮುದುಡಿದ್ದು ಬೇರೆ ವಿಷಯ. ಎಲೆ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಹುಳ), ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಕುಡಿಯನ್ನು ಬಿಳಿ ಹಾಳೆ ಮೇಲೆ ತಟ್ಟ್ರಿ, ಥ್ರಿಪ್ಸ್ ಇದ್ದರೆ ಸಣ್ಣ ಹಳದಿ ಗೆರೆಯಂಥ ಹುಳ ಓಡಾಡುತ್ತವೆ. ಎರಡಕ್ಕೂ ಮೊದಲು ಲೀಟರ್ ನೀರಿಗೆ 5 ಮಿಲೀ ಬೇವಿನ ಎಣ್ಣೆ, 1 ಮಿಲೀ ದ್ರವ ಸೋಪು ಕಲಸಿ ಎಲೆಯ ಅಡಿಗೆ ಹೊಡೀರಿ. ಅದಕ್ಕೂ ನಳದ ನೀರೇ ಬಳಸ್ರಿ. ಹೊತ್ತು ಮುಳುಗಿ ಕಾವು ಇಳಿದ ಮೇಲೇ ಹೊಡೀಬೇಕು, ಬಿಸಿಲಲ್ಲಿ ಹೊಡೆದರೆ ಎಣ್ಣೆಯೇ ಎಲೆ ಸುಡುತ್ತದೆ. ವಾರ ಬಿಟ್ಟು ಇನ್ನೊಮ್ಮೆ ಹೊಡೀರಿ. ಈಗಾಗಲೇ ಮುದುಡಿದ ಎಲೆ ನೆಟ್ಟಗಾಗುವುದಿಲ್ಲ, ಹೊಸ ಕುಡಿ ಹೇಗೆ ಬರುತ್ತದೆ ನೋಡ್ರಿ.